ಹೆಡ್ ಗುಮಾಸ್ತರ ಟ್ರ್ಯಾಕ್ಟರ್ ಜೀರ್ಣೋದ್ಧಾರ

ಮೂವತ್ತೆರಡು ವರ್ಷದ ನೌಕರಿಯಲ್ಲಿ ಹೆಡ್ ಗುಮಾಸ್ತರು ಒಂದು ಮೊಳೆ ಹೊಡೆದವರಲ್ಲ. ಆದರೆ ಕಚೇರಿಯಲ್ಲಿ ಫ್ಯಾನು, ಬೀರು, ಜೀಪು, ಯಾವುದು ಕೆಟ್ಟು ಕೂತರೂ ‘ದುರಸ್ತಿಗೆ ಮಂಜೂರಾತಿ ನೀಡಬಹುದು’ ಎಂದು ಟಿಪ್ಪಣಿ ಬರೆದು ಸಹಿ ಜಡಿದವರು ಅವರೇ. ಇಷ್ಟೊಂದು ದುರಸ್ತಿಗಳು ತಮ್ಮ ಕೈಯಿಂದಲೇ ದಾಟಿ ಹೋಗಿರುವಾಗ ಆ ವಿದ್ಯೆ ತಮಗೆ ಕರಗತವಾಗಿಯೇ ಇರಬೇಕು ಎಂದು ಅವರು ಮನಸಾರೆ ನಂಬಿದ್ದರು. ನಿವೃತ್ತರಾದ ಮೇಲೆ ಅದನ್ನು ಲೋಕಕ್ಕೆ ತೋರಿಸಿಕೊಡುವ ಸಂದರ್ಭಕ್ಕಾಗಿ ಕಾದಿದ್ದರು. ಆ ಸಂದರ್ಭ ಬಾರದೇ ಇರಲಿ ಎಂದು ಮನೆಮಂದಿಯೆಲ್ಲ ಹಾರೈಸುತ್ತಿದ್ದರು. (ಮನೆಮಂದಿ ಎಂದರೆ ಹೆಂಡತಿ ಒಬ್ಬರೇ. ಆದರೆ ಹಾರೈಕೆ ನಾಲ್ಕು ಜನರಷ್ಟಿತ್ತು.)

ಸಂದರ್ಭ ಬಂದದ್ದು ಷಡ್ಡಕರ ಕಡೆಯಿಂದ. ಹೆಂಡತಿಯ ಅಕ್ಕನ ಗಂಡನಾದ ಈ ಮಹಾನುಭಾವರು ತೋಟದ ಮನೆ ಮಾರಿ ನಾಲ್ಕನೇ ಮಹಡಿಯ ಫ್ಲಾಟಿಗೆ ಹೊರಟಿದ್ದರು. ಫ್ಲಾಟಿನಲ್ಲಿ ಹಿಡಿಸದ ಸಾಮಾನನ್ನೆಲ್ಲ ‘ನೆನಪಿಗಿರಲಿ’ ಎಂದು ನೆಂಟರಿಗೆ ಹಂಚುವಾಗ ಹೆಡ್ ಗುಮಾಸ್ತರ ಪಾಲಿಗೆ ಬಂದದ್ದು ತೋಟದ ಪುಟ್ಟ ಟ್ರ್ಯಾಕ್ಟರ್. ಮೇಲೆ ಕೂತು ಓಡಿಸುತ್ತ ಹುಲ್ಲು ಕತ್ತರಿಸುವ, ಹಿಂದೆ ಗಾಡಿ ಕಟ್ಟಿ ಮಣ್ಣು ಸಾಗಿಸುವ ಯಂತ್ರ ಅದು. ಏಳು ವರ್ಷದಿಂದ ಉಸಿರಾಡಿರಲಿಲ್ಲ. ಬಾನೆಟ್ಟಿನೊಳಗೆ ಇಲಿಗಳ ಮೂರು ತಲೆಮಾರು ಬಾಳಿ ಬದುಕಿತ್ತು. ನಾಲ್ವರು ಕೂಲಿಗಳು ಅದನ್ನು ತಳ್ಳಿಕೊಂಡು ಬಂದು ಹಿತ್ತಿಲ ಶೆಡ್ಡಿನಲ್ಲಿ ನಿಲ್ಲಿಸಿ ಹೋದರು.

ಆ ಶೆಡ್ಡು ಹೆಂಡತಿಗೆ ಎಂದು ಮಾತಾಗಿತ್ತು. ಆಕೆ ಹೊಲಿಗೆ ಕ್ಲಾಸು ನಡೆಸುತ್ತಿದ್ದರು. ಮೂರು ಮೆಷಿನ್ನು, ಆರು ಜನ ಶಿಷ್ಯೆಯರು, ಎಲ್ಲವೂ ಮಲಗುವ ಕೋಣೆಯಲ್ಲೇ. ಶಿಷ್ಯೆಯರು ಮಂಚದ ಮೇಲೆ ಬಟ್ಟೆ ಹರಡಿ ಕತ್ತರಿಸುವಾಗ ಹೆಡ್ ಗುಮಾಸ್ತರ ಮಧ್ಯಾಹ್ನದ ನಿದ್ದೆ ಸೋಫಾಕ್ಕೆ ವರ್ಗವಾಗುತ್ತಿತ್ತು. ರಾತ್ರಿ ದಿಂಬಿಗೆ ತಲೆಯಿಟ್ಟರೆ ಕಿವಿಗೆ ಗುಂಡುಸೂಜಿ ಚುಚ್ಚುತ್ತಿತ್ತು. ಶೆಡ್ಡು ಖಾಲಿಯಾಗುವುದು ಇಬ್ಬರಿಗೂ ಬೇಕಾಗಿದ್ದ ಸಂಗತಿಯೇ.

“ಇದನ್ನ ಗುಜರಿಯವನಿಗೆ ಕೊಟ್ಬಿಡಿ” ಎಂದರು ಹೆಂಡತಿ.

“ಒಂದು ವಾರ ಟೈಮ್ ಕೊಡು. ರಿಪೇರಿ ಮಾಡಿ ಮಾರ್ತೀನಿ. ಶೆಡ್ಡೂ ಖಾಲಿ, ಕೈಗೂ ನಾಲ್ಕು ಕಾಸು.”

“ಯಾರು ರಿಪೇರಿ ಮಾಡೋದು?”

 ಹೆಡ್ ಗುಮಾಸ್ತರು ಅಂಗಿಯ ತೋಳು ಮಡಚಿದರು. ಹೆಂಡತಿ ಒಳಗೆ ಹೋಗಿ ಔಷಧಿ ಡಬ್ಬಿಯಲ್ಲಿ ಗಾಯದ ಪಟ್ಟಿ ಎಷ್ಟಿದೆ ಎಂದು ನೋಡಿಟ್ಟುಕೊಂಡರು.

ಜೀರ್ಣೋದ್ಧಾರ ಶಾಸ್ತ್ರೋಕ್ತವಾಗಿ, ಅಂದರೆ ಒಂದು ಕಡತ ತೆರೆಯುವುದರಿಂದ, ಶುರುವಾಯಿತು. ಬಿಚ್ಚಿದ ಒಂದೊಂದು ನಟ್ಟಿಗೂ ಬೋಲ್ಟಿಗೂ ನಂಬರಿನ ಚೀಟಿ ಕಟ್ಟಿ ರಿಜಿಸ್ಟರಿನಲ್ಲಿ ದಾಖಲಿಸಿದರು. ನಲವತ್ತನೇ ನಂಬರಿನವರೆಗೆ ಎಲ್ಲ ಸರಿಯಿತ್ತು. ಆಮೇಲೆ ಚೀಟಿಗಳು ಗ್ರೀಸಿನಲ್ಲಿ ಅದ್ದಿಹೋಗಿ, ರಿಜಿಸ್ಟರಿನಲ್ಲಿ ‘ಸದರಿ ಬೋಲ್ಟು ಎಲ್ಲಿಂದ ಬಂದಿತೆಂದು ತಿಳಿಯದು, ಪರಿಶೀಲಿಸುವುದು’ ಎಂಬ ಷರಾ ಹೆಚ್ಚಾಗುತ್ತ ಬಂತು. ಪರಿಶೀಲಿಸಬೇಕಾದವರೂ ಅವರೇ ಆದ್ದರಿಂದ ಕಡತ ಅವರಿಂದ ಹೊರಟು ಅವರಿಗೇ ಬಂದು ಸೇರುತ್ತಿತ್ತು. ಕಚೇರಿಯಲ್ಲೂ ಹೆಚ್ಚುಕಡಿಮೆ ಹೀಗೇ ಆಗುತ್ತಿದ್ದುದರಿಂದ ಕೆಲಸ ಸರಿಯಾಗಿ ಸಾಗಿದೆ ಎಂದೇ ಅವರಿಗೆ ಅನಿಸಿತು.

ಕಾರ್ಬುರೇಟರಿನ ಕಾರುಬಾರು ಅಡುಗೆಮನೆಗೆ ಬಂತು. ಅದನ್ನು ಸೀಮೆಎಣ್ಣೆಯಲ್ಲಿ ನೆನೆಸಲು ಹಿಟ್ಟು ಕಲಸುವ ಬೋಗುಣಿಯೇ ಸರಿಯಾದ ಅಳತೆಯದು ಎಂದು ಅವರಿಗೆ ಹೊಳೆಯಿತು. ಅಳತೆ ಸರಿಯಾಗಿತ್ತು, ಹೆಂಡತಿಯ ಪ್ರತಿಕ್ರಿಯೆ ಮಾತ್ರ ಅಳತೆ ಮೀರಿತ್ತು. ಒಂದು ವಾರ ಹೋಗಿ ಐದು ತಿಂಗಳಾಯಿತು. ಎಲ್ಲ ಮರುಜೋಡಿಸಿದ ಮೇಲೆ ಹನ್ನೊಂದು ಬೋಲ್ಟು ಉಳಿದವು. ಕಂಪನಿಯವರು ದುಂದು ಮಾಡಿದ್ದಾರೆ, ತಾವು ಮಿತವ್ಯಯ ಸಾಧಿಸಿದ್ದೇವೆ ಎಂದು ಷರಾ ಬರೆದು ಅವನ್ನು ಒಂದು ಡಬ್ಬಿಗೆ ಹಾಕಿಟ್ಟರು. ಇಂಜಿನ್ನು ಮಾತ್ರ ತುಟಿಪಿಟಕ್ಕೆನ್ನಲಿಲ್ಲ.

ಜಗಳ ಆದದ್ದು ಬೆಲ್ಟಿನ ವಿಷಯದಲ್ಲಿ. ಟ್ರ್ಯಾಕ್ಟರಿನ ಬೆಲ್ಟು ಸವೆದು ನಾರಾಗಿತ್ತು. ಒಂದು ಬೆಳಗ್ಗೆ ಹೆಂಡತಿ ಮೆಷಿನ್ನಿನ ಮುಂದೆ ಕೂತು ಕಾಲು ಆಡಿಸಿದರೆ ಕಾಲು ಮಾತ್ರ ಆಡಿತು, ಚಕ್ರ ಅಲುಗಲಿಲ್ಲ. ಮೆಷಿನ್ನಿನ ಬೆಲ್ಟು ಶೆಡ್ಡಿನಲ್ಲಿ ಎರಡು ತುಂಡಾಗಿ ಬಿದ್ದಿತ್ತು. ತಾತ್ಕಾಲಿಕ ಎರವಲು ಎಂದು ಅವರು ಕಡತ ತೋರಿಸಿದರು. ಅದರಲ್ಲಿ ನಿಜವಾಗಿಯೂ ಹಾಗೆ ಬರೆದಿತ್ತು. ಹೆಂಡತಿ ಕಡತ ಮುಚ್ಚಿ, ಈ ತಿಂಗಳ ಕೊನೆಗೆ ಟ್ರ್ಯಾಕ್ಟರ್ ಹೋಗದಿದ್ದರೆ ಕ್ಲಾಸು ಹಾಲಿಗೆ ಬರುತ್ತದೆ, ಸೋಫಾ ಶೆಡ್ಡಿಗೆ ಹೋಗುತ್ತದೆ, ಸೋಫಾದ ಮೇಲೆ ಯಾರಿರುತ್ತಾರೋ ಅವರೂ ಅದರ ಜೊತೆಗೇ ಹೋಗುತ್ತಾರೆ ಎಂದು ಶಾಂತವಾಗಿ ತಿಳಿಸಿದರು. ಆಕೆ ಶಾಂತವಾಗಿ ಮಾತಾಡಿದ್ದು ಹೆಡ್ ಗುಮಾಸ್ತರಿಗೆ ಭಯ ಹುಟ್ಟಿಸಿತು.

ಆರು ಶಿಷ್ಯೆಯರಲ್ಲಿ ಒಬ್ಬಳು ಬಸ್ ಸ್ಟ್ಯಾಂಡಿನ ಹತ್ತಿರ ಗ್ಯಾರೇಜು ನಡೆಸುವವಳು. ದಿನವಿಡೀ ಇಂಜಿನ್ನುಗಳ ಜೊತೆ ಗುದ್ದಾಡಿ ಸಂಜೆ ಅಂಗಿಯ ಕಾಲರು ಹೊಲಿಯುವುದನ್ನು ಕಲಿಯಲು ಬರುತ್ತಿದ್ದಳು. ಹೆಡ್ ಗುಮಾಸ್ತರು ಕ್ಷೌರಕ್ಕೆ ಹೋದ ಒಂದು ಭಾನುವಾರ ಹೆಂಡತಿ ಅವಳನ್ನು ಕರೆಸಿ ಶೆಡ್ಡಿನ ಬಾಗಿಲು ತೆಗೆದರು. ಅವಳು ಟ್ರ್ಯಾಕ್ಟರನ್ನು ಒಂದು ಸುತ್ತು ಹಾಕಿ, ಬಗ್ಗಿ ನೋಡಿ, ಪೆಟ್ರೋಲ್ ಪೈಪು ಕಿತ್ತು ಊದಿದಳು. ಗಾಳಿ ಹೋಗಲಿಲ್ಲ. ತಂತಿ ತೂರಿಸಿ ಎಳೆದರೆ ಒಳಗಿಂದ ಒಂದು ಚೂರು ಹೂವಿನ ಬಟ್ಟೆ ಹೊರಬಂತು. ಧೂಳು ಹೋಗದಿರಲೆಂದು ಹೆಡ್ ಗುಮಾಸ್ತರು ತುರುಕಿ, ತೆಗೆಯಲು ಮರೆತಿದ್ದ ಚಿಂದಿ.

“ಮೇಡಮ್, ಇದು ನಾನು ಹಾಳು ಮಾಡಿದ ಕಾಲರು” ಎಂದಳು ಗ್ಯಾರೇಜಿನವಳು.

ಒಂದೂವರೆ ಗಂಟೆಯಲ್ಲಿ ತಲೆಕೆಳಗಾಗಿ ಕೂತಿದ್ದ ಭಾಗಗಳನ್ನು ನೆಟ್ಟಗೆ ಮಾಡಿ, ಗ್ಯಾರೇಜಿನಿಂದ ತಂದ ಹೊಸ ಪ್ಲಗ್ಗು, ಹೊಸ ಬೆಲ್ಟು ಹಾಕಿ, ಹನ್ನೊಂದು ಬೋಲ್ಟನ್ನೂ ಅದರದರ ಜಾಗಕ್ಕೆ ಸೇರಿಸಿದಳು. (ಕ್ಷೌರದಂಗಡಿಯಲ್ಲಿ ಆ ಹೊತ್ತಿಗೆ ಹೆಡ್ ಗುಮಾಸ್ತರು ಕತ್ತರಿಗೆ ಸಾಣೆ ಹಿಡಿಯುವ ಸರಿಯಾದ ವಿಧಾನ ವಿವರಿಸುತ್ತಿದ್ದುದರಿಂದ ಎಷ್ಟು ತಡವಾದರೂ ಆಗಬಹುದಿತ್ತು.) ಇದು ಗುಟ್ಟಾಗಿರಲಿ ಎಂದು ಹೆಂಡತಿ ಅವಳಿಂದ ಮಾತು ತೆಗೆದುಕೊಂಡರು. ಬೇರೆಯವರು ಸರಿಮಾಡಿದ್ದು ಎಂದು ಗೊತ್ತಾದರೆ ಗಂಡ ಹಟಕ್ಕೆ ಬಿದ್ದು ಮತ್ತೆ ಬಿಚ್ಚುತ್ತಾರೆ, ತಾನೇ ಸರಿಮಾಡಿದೆ ಅಂದುಕೊಂಡರೆ ಮಾರುತ್ತಾರೆ. ಇದು ಆಕೆಯ ಇಪ್ಪತ್ತೊಂಬತ್ತು ವರ್ಷದ ಸಂಸಾರದ ಅನುಭವ. ಬೋಲ್ಟಿನ ಡಬ್ಬಿ ಹಗುರವಾಗಬಾರದೆಂದು ಅದಕ್ಕೆ ಹಿತ್ತಾಳೆ ಗುಂಡಿಗಳನ್ನು ತುಂಬಿಟ್ಟರು.

ಮರುದಿನ ಹೆಡ್ ಗುಮಾಸ್ತರು ಯಾವುದೋ ಒಂದು ಸ್ಕ್ರೂವನ್ನು ಕಾಲು ಸುತ್ತು ತಿರುಗಿಸಿ, ಉಸಿರು ಬಿಗಿಹಿಡಿದು ಕೀಲಿ ತಿರುಗಿಸಿದರು. ಟ್ರ್ಯಾಕ್ಟರ್ ಗುಡುಗಿತು. ಅವರು ಹೆದರಿ ಎರಡು ಹೆಜ್ಜೆ ಹಿಂದಕ್ಕೆ ಹಾರಿದರು. ಆಮೇಲೆ ಮುಂದಕ್ಕೆ ಬಂದು ಅದರ ಬಾನೆಟ್ಟು ಸವರಿದರು. ಕಣ್ಣಲ್ಲಿ ನೀರು ನಿಂತಿತ್ತು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಹೆಂಡತಿಗೆ ಒಂದು ಕ್ಷಣ ಪಾಪ ಅನಿಸಿದ್ದು ಸುಳ್ಳಲ್ಲ.

ಆ ಪಾಪ ಸಂಜೆಯವರೆಗೂ ಉಳಿಯಲಿಲ್ಲ. ಎದುರುಮನೆಯ ವಿಮೆ ಏಜೆಂಟರು, ಮೂಲೆಯ ಔಷಧಿ ಅಂಗಡಿಯವರು, ಹಾಲಿನವನು, ಹೀಗೆ ಬೀದಿಯಲ್ಲಿ ಕಿವಿ ಇದ್ದವರಿಗೆಲ್ಲ ಕಾಲು ಸುತ್ತಿನ ಕಥೆ ತಲುಪಿತು. ಮೆಕ್ಯಾನಿಕ್ಕುಗಳಿಗೆ ಕೈ ಇದೆ, ತಲೆ ಇಲ್ಲ ಎಂಬುದು ಅದರ ಸಾರಾಂಶ. ಗ್ಯಾರೇಜಿನವಳಿಗೂ ಅವರು ಇಂಜಿನ್ನಿನ ತತ್ತ್ವವನ್ನು ಅರ್ಧ ಗಂಟೆ ಬೋಧಿಸಿದರು. ಅವಳು ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡಿದ್ದರಿಂದ ಏನೂ ಹೇಳಲಿಲ್ಲ.

ಹಸಿರು ಬಣ್ಣ ಬಳಿದು, ಮಾರಾಟಕ್ಕಿದೆ ಎಂದು ಜಾಹೀರಾತು ಕೊಟ್ಟದ್ದೇ ಗಿರಾಕಿಗಳು ಬರತೊಡಗಿದರು. ತೊಂದರೆ ಏನೆಂದರೆ ಹೆಂಡತಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಗುಟ್ಟು ಇಟ್ಟುಕೊಳ್ಳಬಲ್ಲರು. ಆದರೆ ಯಾರಾದರೂ ನೇರವಾಗಿ ಕೇಳಿದರೆ ಹೇಳಿಬಿಡುವ ಸ್ವಭಾವ. ಮೊದಲು ಬಂದ ಶಾಲೆಯ ಮ್ಯಾನೇಜರು ಸೀಟು ಮೆತ್ತಗಿದೆಯಲ್ಲ ಅಂದರು. ನಮ್ಮ ಹಳೇ ಸೋಫಾದ ಸ್ಪ್ರಿಂಗು ಎಂದು ಆಕೆ ಚಹಾ ಕೊಡುತ್ತ ಹೇಳಿದರು. ಎರಡನೆಯವರು ಯಾವತ್ತಾದರೂ ತೊಂದರೆ ಕೊಟ್ಟಿತ್ತೇ ಎಂದು ಕೇಳಿದರು. ಹೆಚ್ಚೇನಿಲ್ಲ, ಐದು ತಿಂಗಳು ಎಂದರು. ಹೆಡ್ ಗುಮಾಸ್ತರು ತಲೆ ಚಚ್ಚಿಕೊಂಡು, ಇನ್ನು ಗಿರಾಕಿಗಳ ಮುಂದೆ ಆಕೆ ಬಾಯಿ ತೆರೆಯಕೂಡದೆಂದು ಆಜ್ಞೆ ಹೊರಡಿಸಿದರು. ಮೂರನೆಯವರು ಬಂದಾಗ ಆಕೆ ತುಟಿ ಬಿಗಿದು, ಕಣ್ಣು ಅಗಲಿಸಿ, ಬಾಗಿಲಲ್ಲಿ ಕಂಬದಂತೆ ನಿಂತರು. ಗಿರಾಕಿ ಆ ಮುಖ ನೋಡಿದರು, ಟ್ರ್ಯಾಕ್ಟರನ್ನು ನೋಡಿದರು, ಮತ್ತೆ ಆ ಮುಖ ನೋಡಿದರು. ಮನೆಯಲ್ಲಿ ಕೇಳಿಕೊಂಡು ಬರುತ್ತೇನೆ ಎಂದು ಹೋದವರು ಇನ್ನೂ ಕೇಳುತ್ತಲೇ ಇದ್ದಾರೆ.

ತಿಂಗಳು ಮುಗಿಯಲು ಮೂರು ದಿನ ಇದ್ದಾಗ ಸಸಿಗಳ ನರ್ಸರಿ ನಡೆಸುವ ವಯಸ್ಸಾದ ಹೆಂಗಸೊಬ್ಬರು ಬಂದರು. ಮಾತು ಕಡಿಮೆ. ಟ್ರ್ಯಾಕ್ಟರನ್ನು ತಾವೇ ಹತ್ತಿ, ಹಿತ್ತಿಲಲ್ಲಿ ಎರಡು ಸುತ್ತು ಓಡಿಸಿ, ಇಳಿದು, ಬೆಲೆಗೂ ಒಪ್ಪಿ ಕೈಚೀಲ ತೆರೆದರು. ತೆರೆಯುತ್ತ, ಕೆಲಸ ಚೆನ್ನಾಗಿ ಮಾಡಿದ್ದಾರೆ, ಯಾರು ರಿಪೇರಿ ಮಾಡಿದ್ದು ಎಂದು ವಿಚಾರಿಸಿದರು.

ಇಂಥ ಪ್ರಶ್ನೆಗಾಗಿ ಹೆಡ್ ಗುಮಾಸ್ತರು ಹುಟ್ಟಿದಾಗಿನಿಂದ ಕಾದಿದ್ದರು. ಎದೆ ಮುಂದೆ ಮಾಡಿ, “ನಾನೇ. ಒಂದೊಂದು ಬೋಲ್ಟೂ ನನ್ನ ಕೈಯಿಂದಲೇ” ಎಂದರು.

“ನೀವು ಮೆಕ್ಯಾನಿಕ್ಕಾ?”

“ಹೆಡ್ ಗುಮಾಸ್ತ. ರಿಟೈರ್ಡು.”

ನರ್ಸರಿಯವರು ಕೈಚೀಲ ಮುಚ್ಚಿದರು. ತಮ್ಮ ಯಜಮಾನರೂ ಹೀಗೇ ಕೈಯಾರೆ ರಿಪೇರಿ ಮಾಡಿದ ಒಂದು ಪಂಪು, ಎರಡು ಸ್ಕೂಟರು, ಒಂದು ಗೀಸರು ಮನೆಯಲ್ಲಿವೆ, ಗೀಸರಿನ ಜೊತೆ ಬಚ್ಚಲ ಗೋಡೆಯೂ ಹೋಯಿತು, ಇನ್ನೊಂದನ್ನು ಸಾಕುವ ಶಕ್ತಿ ತಮಗಿಲ್ಲ ಎಂದು ವಿನಯದಿಂದ ಹೇಳಿ ಗೇಟಿನ ಕಡೆ ನಡೆದರು.

ಹೆಂಡತಿ ಗಂಡನ ಮುಖ ನೋಡಿದರು. “ರೀ, ನಾನು ಮಾತಾಡ್ಲಾ?”

ಗೇಟಿನ ಚಿಲಕ ಸದ್ದಾಯಿತು. ಹೆಡ್ ಗುಮಾಸ್ತರ ಕಣ್ಣ ಮುಂದೆ ಸೋಫಾ ಶೆಡ್ಡಿನೊಳಗೆ ಸಾಗಿತು. ಅವರು ಹೂಂ ಎಂದು ತಲೆಯಾಡಿಸಿದರು.

ಹೆಂಡತಿ ನರ್ಸರಿಯವರನ್ನು ಕೂಗಿ ನಿಲ್ಲಿಸಿ ಎಲ್ಲವನ್ನೂ ಹೇಳಿದರು. ಕ್ಷೌರದ ಭಾನುವಾರ, ಪೈಪಿನೊಳಗಿನ ಕಾಲರು, ಹನ್ನೊಂದು ಬೋಲ್ಟು, ಡಬ್ಬಿಯ ಗುಂಡಿ, ಏನನ್ನೂ ಬಿಡಲಿಲ್ಲ. ಕ್ಲಾಸಿನಿಂದ ಗ್ಯಾರೇಜಿನವಳನ್ನೂ ಕರೆದರು. ಕೊರಳಿಗೆ ಅಳತೆ ಟೇಪು ಹಾಕಿಕೊಂಡೇ ಬಂದ ಅವಳು ಏನೇನು ಬದಲಾಯಿಸಿದೆ ಎಂದು ಒಪ್ಪಿಸಿ, ಆಮೇಲೂ ಸಾರ್ ಅವರು ಮೂರು ಸಲ ಸಣ್ಣಪುಟ್ಟದ್ದು ತಿರುಗಿಸಿದ್ದರು, ತಾನು ಮರುದಿನ ಬಂದು ವಾಪಸ್ ತಿರುಗಿಸಿದ್ದೇನೆ ಎಂದು ಸೇರಿಸಿದಳು. ಹೆಡ್ ಗುಮಾಸ್ತರು ಡಬ್ಬಿ ತೆರೆದು ನೋಡಿದರು. ಗುಂಡಿಗಳು ಫಳಫಳ ಹೊಳೆದವು. ಇಡೀ ಬೀದಿಗೆ ಹೇಳಿಯಾಗಿದೆ ಎಂಬುದೊಂದೇ ಅವರಿಗೆ ಆಗ ನೆನಪಾದದ್ದು. ಅವರು ಸೋಫಾ ಸ್ಪ್ರಿಂಗಿನ ಸೀಟಿನ ಮೇಲೆ ಮೆಲ್ಲಗೆ ಕೂತರು.

ನರ್ಸರಿಯವರ ಮುಖ ಅರಳಿತ್ತು. ಕೊಳ್ಳುತ್ತೇನೆ, ಆದರೆ ಈ ಮನೆಯ ಯಜಮಾನರು ಒಂದು ಕಾಗದ ಬರೆದುಕೊಡಬೇಕು ಎಂದರು. ಏನೆಂದು? ಈ ಟ್ರ್ಯಾಕ್ಟರನ್ನು ತಾವು ರಿಪೇರಿ ಮಾಡಿಲ್ಲವೆಂದು, ಸಾಗಿಸುವ ತನಕ ಮುಟ್ಟುವುದೂ ಇಲ್ಲವೆಂದು.

 ಹೆಡ್ ಗುಮಾಸ್ತರು ಎದ್ದು ಒಳಗೆ ಹೋಗಿ ಬಿಳಿ ಹಾಳೆ, ಸ್ಕೇಲು, ಮಸಿ ಪೆನ್ನು ತಂದರು.  ‘ಈ ಮೂಲಕ ಪ್ರಮಾಣೀಕರಿಸುವುದೇನೆಂದರೆ, ಮೇಲ್ಕಂಡ ಟ್ರ್ಯಾಕ್ಟರಿನ ದುರಸ್ತಿಯಲ್ಲಿ ನನ್ನ ಯಾವುದೇ ಪಾತ್ರವಿರುವುದಿಲ್ಲ, ಮುಂದೆಯೂ ಇರತಕ್ಕದ್ದಲ್ಲ’ ಎಂದು ಮುತ್ತು ಪೋಣಿಸಿದ ಅಕ್ಷರದಲ್ಲಿ ಬರೆದು, ಅಡಿಗೆರೆ ಎಳೆದು, ದಿನಾಂಕ ಸಮೇತ ಸಹಿ ಮಾಡಿದರು. ಮೂವತ್ತೆರಡು ವರ್ಷದಲ್ಲಿ ಇಷ್ಟು ನಿಖರವಾದ ಟಿಪ್ಪಣಿ ಅವರಿಂದ ಹೊರಟಿರಲಿಲ್ಲ. ನರ್ಸರಿಯವರು ಅದನ್ನು ಎರಡು ಸಲ ಓದಿ, ಮಡಿಸಿ ಚೀಲಕ್ಕೆ ಹಾಕಿ, ಹಣ ಎಣಿಸಿ ಕೊಟ್ಟು, ಟ್ರ್ಯಾಕ್ಟರನ್ನು ತಾವೇ ಓಡಿಸಿಕೊಂಡು ಹೊರಟರು. ವಿಮೆ ಏಜೆಂಟರು ಎದುರು ಜಗಲಿಯಿಂದ ಚಪ್ಪಾಳೆ ತಟ್ಟಿ, ಕಾಲು ಸುತ್ತು ತಿರುಗಿಸಿದ ಕೈಗೆ ಜಯವಾಗಲಿ ಎಂದರು. ಹೆಡ್ ಗುಮಾಸ್ತರು ಆ ಕೈಯನ್ನು ಜೇಬಿನೊಳಗೆ ಇಟ್ಟುಕೊಂಡರು.

ಶಿಷ್ಯೆಯರು ಮೆಷಿನ್ನುಗಳನ್ನು ಶೆಡ್ಡಿಗೆ ಹೊರುವ ಗದ್ದಲ ಶುರುವಾಯಿತು. ಹೆಂಡತಿ ಅದರ ನಡುವೆಯೇ ಬಂದು ಗಂಡನ ಮುಂದೆ ಚಹಾ ಇಟ್ಟರು. ಪಕ್ಕದಲ್ಲಿ ಒಂದು ಕಟ್ಟು ಬಿಳಿ ಹಾಳೆಯನ್ನೂ ಇಟ್ಟರು.

“ಅಕ್ಷರ ತುಂಬ ಚೆನ್ನಾಗಿದೆ ರೀ. ಹಾಗೇ ಇನ್ನೊಂದು ಹತ್ತು ಪ್ರತಿ ಬರೆದಿಟ್ಬಿಡಿ.”

“ಹತ್ತು ಯಾಕೆ?”

“ಮನೇಲಿ ಮಿಕ್ಸಿ ಇದೆ, ಫ್ರಿಜ್ಜಿದೆ, ಪಂಪಿದೆ” ಎಂದರು ಆಕೆ. “ಟ್ರ್ಯಾಕ್ಟರ್ ಅಂತ ಬರೆಯೋ ಕಡೆ ಖಾಲಿ ಬಿಡಿ, ಸಾಕು.”

 ಹೆಡ್ ಗುಮಾಸ್ತರು ಸ್ಕೇಲು ಎತ್ತಿಕೊಂಡು, ಖಾಲಿ ಬಿಡಬೇಕಾದ ಜಾಗಕ್ಕೆ ಚುಕ್ಕಿಗೆರೆ ಹಾಕತೊಡಗಿದರು.