ಕೆಳಗಿನ ಗದ್ದೆಗೆ ಬಂದ ಗುಡ್ಡ

ಮಣ್ಣು ಕೊಚ್ಚಿ ಹೋಗದಂತೆ ನೋಡಿಕೊಳ್ಳಿ ಎಂದು ಊರೂರಿಗೆ ಹೇಳಿಕೊಂಡು ತಿರುಗುವುದೇ ನನ್ನ ನೌಕರಿ. ಶಿರಸಿ, ಸಿದ್ದಾಪುರ, ಯಲ್ಲಾಪುರ ಎಲ್ಲಿಗೆ ಹೋದರೂ ಮಳೆಗಾಲದಲ್ಲಿ ನಗು ಬರುವಂಥದ್ದು ಏನಾದರೊಂದು ನಡೆದೇ ನಡೆಯುತ್ತದೆ. ನಕ್ಕು ಮುಗಿಸುವಷ್ಟರಲ್ಲಿ ಮಣ್ಣು ಹೊಳೆ ಸೇರಿರುತ್ತದೆ, ಅದೇ ಬೇಜಾರು.

ನೇರ ಸಾಲು

ಬನವಾಸಿ ಕಡೆಯ ರೈತರೊಬ್ಬರಿಗೆ, "ಇಳಿಜಾರಿಗೆ ಅಡ್ಡ ಉಳುಮೆ ಮಾಡಿಸಿ, ನೀರು ಸಾಲಿನಲ್ಲೇ ಇಂಗುತ್ತದೆ" ಎಂದಿದ್ದೆ.

"ಟ್ರ್ಯಾಕ್ಟರ್ ಹೊರಳಿಸಾಕ ತ್ರಾಸ ಆಕ್ಕೈತ್ರಿ" ಎಂದವರು ಮೇಲಿಂದ ಕೆಳಕ್ಕೆ ನೇರ ಉಳುಮೆ ಮಾಡಿಸಿದರು. ಒಂದೇ ಜೋರು ಮಳೆಗೆ ಮೇಲ್ಮಣ್ಣು, ಗೋವಿನಜೋಳದ ಬೀಜ, ಹಾಕಿದ ಗೊಬ್ಬರ ಎಲ್ಲ ಕೆಳಗಿನ ಹೊಲಕ್ಕೆ ಇಳಿಯಿತು. ತಿಂಗಳು ಬಿಟ್ಟು ನಾನು ಹೋದಾಗಲೂ, ಪಾಪ, ತಲೆ ಮೇಲೆ ಕೈ ಹೊತ್ತು ಕೂತಿದ್ದರು. ಅಷ್ಟರಲ್ಲಿ ಕೆಳಗಿನ ಹೊಲದವ ಬದುವಿನ ಮೇಲೆ ನಿಂತು ಕೂಗಿದ:

"ಬೆಳಿ ಭಾಳ ಚಲೋ ಐತ್ರೀ! ಮುಂದಿನ ವರ್ಷ ಯೂರಿಯಾ ಸ್ವಲ್ಪ ಜಾಸ್ತಿ ಹಾಕ್ರಿ!"

ಪರಿಮಳದ ನೀರು

ಇಡಗುಂದಿ ಹತ್ತಿರ ಒಂದು ಮನೆಯ ಹಿಂದಿನ ಧರೆ, ಅಂದರೆ ಗುಡ್ಡ ಕಡಿದ ಕಡಿದಾದ ಮಣ್ಣಿನ ಅಂಚು, ಕುಸಿಯುತ್ತಿತ್ತು. ಬೇರು ಮಣ್ಣನ್ನು ಹಿಡಿಯಲಿ ಎಂದು ಲಾವಂಚ ನೆಡಿಸಿದ್ದೆ. ಮುಂದೊಂದು ಬೇಸಿಗೆಯಲ್ಲಿ ಹೋದಾಗ ಮನೆಯ ಅಮ್ಮ ತಂಬಿಗೆ ನೀರು ಕೊಟ್ಟರು. ಎಂಥ ಪರಿಮಳ! ಇನ್ನೊಂದು ತಂಬಿಗೆ ಕೇಳಿ ಕುಡಿದೆ.

"ಧರೆಯ ಲಾವಂಚ ಹೇಗಿದೆ ಅಮ್ಮ?"

"ಈಗ ಕುಡಿದ್ರಲ್ಲ!"

ಆ ವರ್ಷದ ಮಳೆಗಾಲದಲ್ಲೇ ಧರೆ ಜರಿದು ಕೊಟ್ಟಿಗೆ ಮುಚ್ಚಿತು. ದನಗಳು ಮೇಯಲು ಹೋಗಿದ್ದವು, ಪುಣ್ಯ. ಅಮ್ಮ ಅಳುತ್ತಲೇ ಫೋನ್ ಮಾಡಿದರು: "ಮತ್ತೆ ಸಸಿ ಕೊಡಿ. ಈ ಸಲ ಎಲ್ಲಾ ಬೇರು ಕೀಳೂದಿಲ್ಲ."

ಕೀಲಿ

ಹುಲೇಕಲ್ ರಸ್ತೆಯಲ್ಲಿ ಒಬ್ಬರು ಹೋಮ್‌ಸ್ಟೇ ಕಟ್ಟಲು ಜೆಸಿಬಿಯಿಂದ ಗುಡ್ಡ ಕಡಿಸುತ್ತಿದ್ದರು. "ಸಡಿಲು ಮಣ್ಣನ್ನು ಅಂಚಿಗೆ ಸುರಿಯಬೇಡಿ. ಕೆಳಗೆ ಗದ್ದೆಯಿದೆ" ಎಂದೆ. ಅವರು ಅಲ್ಲೇ ಸುರಿದು, ಅದರ ಮೇಲೆ ಎರಡು ಕಂಬ ನಿಲ್ಲಿಸಿ, ಕಬ್ಬಿಣದ ಗೇಟು ಹಾಕಿ, ಕೀಲಿ ಜಡಿದು ಹೋದರು.

ಆಷಾಢದ ಮಳೆಗೆ ಅಂಚು ಪೂರ್ತಿ ಜಾರಿತು. ಬೆಳಿಗ್ಗೆ ಹೋಗಿ ನೋಡಿದರೆ ಕೆಳಗಿನ ಗದ್ದೆಯ ನಟ್ಟನಡುವೆ ಗೇಟು ಕಂಬಗಳ ಸಮೇತ ವಾಲಿ ನಿಂತಿದೆ, ಕೀಲಿ ಹಾಕಿದ ಹಾಗೇ. ಗದ್ದೆಯ ಯಜಮಾನರು ಆಗಷ್ಟೇ ನಾಟಿ ಮುಗಿಸಿದ್ದರು. ಕೆಂಪು ಕೆಸರಿನಲ್ಲಿ ಅಲ್ಲೊಂದು ಇಲ್ಲೊಂದು ಸಸಿಯ ತುದಿ ಮಾತ್ರ ಕಾಣುತ್ತಿತ್ತು.

ಹೋಮ್‌ಸ್ಟೇ ಕಟ್ಟುತ್ತಿದ್ದವರು ಓಡೋಡಿ ಬಂದರು. "ಅಯ್ಯೋ, ಆನು ಕೀಲಿ ಹಾಕಿದ್ದಿ! ಮತ್ತೆ ಹೆಂಗೆ ಹೋತು?" ಎನ್ನುತ್ತ ಕೆಸರು ತುಳಿದುಕೊಂಡು ಗೇಟಿನ ಹತ್ತಿರ ಹೋದರು. ಆಚೆ ಈಚೆ ಗೋಡೆಯಿಲ್ಲ, ಬೇಲಿಯಿಲ್ಲ, ಪೂರ್ತಿ ಬಯಲು. ಆದರೂ ಜೇಬು ತಡಕಿ ಕೀಲಿಕೈ ತೆಗೆದು, ಗೇಟು ತೆರೆದುಕೊಂಡೇ ಒಳಗೆ ಕಾಲಿಟ್ಟರು.

ಗದ್ದೆಯ ಯಜಮಾನರು ಅಷ್ಟೂ ಹೊತ್ತು ನೋಡುತ್ತ ನಿಂತವರು ಮೆಲ್ಲಗೆ ಕೇಳಿದರು:

"ತಮಾ, ಯನ್ನ ಗದ್ದೆಗೆ ಹೋಪಲೆ ಇನ್ನು ನಿನ್ನತ್ರ ಕೀಲಿಕೈ ಕೇಳವಾ?"