ಕಾಕಾನ ರವಾಲ ಕುದುರೆ

ನಮ್ಮ ಕಾಕಾನಿಗೆ ಹುಚ್ಚು ಹಿಡಿದಿಲ್ಲ, ಕುದುರೆ ಹಿಡಿದಿದೆ! ಬನಹಟ್ಟಿಯಲ್ಲಿ ನಾಲ್ಕು ಪವರ್‌ಲೂಮ್ ಇಟ್ಟುಕೊಂಡು ಸೀರೆ ನೇಯುವ ಮನುಷ್ಯ, ಮಂದಿ ಬುಲೆಟ್ ಗಾಡಿ ಕೊಳ್ಳುವ ಕಾಲದಲ್ಲಿ ಭೀಮಥಡಿ ಕುದುರೆ ತಂದರೆ ಏನೆನ್ನಬೇಕು?

"ಭೀಮಾ ನದಿ ದಂಡಿ ತಳಿ ಲೇ ಇದು!" ಎಂದು ಸಿಕ್ಕವರನ್ನೆಲ್ಲ ನಿಲ್ಲಿಸಿ ಪಾಠ ಹೇಳುತ್ತಾನೆ. ಅರಬ್ಬಿ ಕುದುರೆಗೂ ಇಲ್ಲಿಯ ತಟ್ಟುಗಳಿಗೂ ಬೀಗತನ ಬೆಳೆದು ಹುಟ್ಟಿದ್ದಂತೆ, ಮರಾಠರ ದಂಡನ್ನು ಹೊತ್ತದ್ದಂತೆ, ಒಣ ಜೋಳದ ಕಣಿಕೆ ತಿಂದು ದಿನವಿಡೀ ನಡೆಯುವುದಂತೆ. ಎಲ್ಲಕ್ಕೂ ಮಿಗಿಲು ಅದರ ರವಾಲ ಚಾಲಿ ಎಂಬ ನಡಿಗೆ. ಒಂದೇ ಮಗ್ಗುಲಿನ ಎರಡೂ ಕಾಲು ಕೂಡಿಯೇ ಎತ್ತಿಡುವುದರಿಂದ ಮೇಲೆ ಕೂತವರ ಬೆನ್ನು ಕುಲುಕುವುದಿಲ್ಲ. ಸ್ವಂತ ಮುತ್ತಜ್ಜನ ಹೆಸರು ತಡವರಿಸುವ ಕಾಕಾ ಕುದುರೆಯ ಏಳು ತಲೆಮಾರು ಹೇಳುತ್ತಾನೆ!

ಇದಕ್ಕೆಲ್ಲ ಮೂಲ ಅವನ ಹೆಂಡತಿ, ನಮ್ಮ ಕಾಕುವಿನ ಬೆನ್ನು. ವರ್ಷಗಟ್ಟಲೆ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತಿ ಅದು ಕೆಟ್ಟಿತ್ತು. ಆಟೋ, ಬಸ್ಸು ಯಾವುದರ ಕುಲುಕಾಟವೂ ಕೂಡದೆಂದು ಡಾಕ್ಟರು ಹೇಳಿದ್ದರು. ಪಕ್ಕದೂರು ಚಿಮ್ಮಡದಲ್ಲಿ ಹಾಸಿಗೆ ಹಿಡಿದ ತನ್ನ ಅಕ್ಕನನ್ನು ಕಾಕು ನೋಡಿ ಮೂರು ವರ್ಷವಾಗಿತ್ತು.

ಕಾಕಾ ದಿನಾ ಮುಂಜಾನೆ ತುಂಬಿದ ಚಹಾದ ಲೋಟ ಹಿಡಿದು ಕುದುರೆ ಏರುತ್ತಿದ್ದ. ಚಹಾ ಚೆಲ್ಲದಿದ್ದರೆ ಬೆನ್ನಿಗೂ ಧಕ್ಕೆಯಿಲ್ಲ, ಇದು ಅವನ ಲೆಕ್ಕ. ಅಂಗಿ ತೊಯ್ಯದ ದಿನವಿಲ್ಲ!

"ಚಹಾ ನೀವ ಕುಡೀರಿ, ಅಂಗೀಗ್ಯಾಕ ಕುಡಸ್ತೀರಿ?" ಎನ್ನುತ್ತಿದ್ದಳು ಕಾಕು.

ಕುದುರೆಯದೇನು ತಪ್ಪು? ಕಾಕಾ ತಳಿ ಕೇಳಿದ್ದ, ಕಸುಬು ಕೇಳಿರಲಿಲ್ಲ. ಅದು ಮದುವೆ ಮೆರವಣಿಗೆಯಲ್ಲಿ ಕುಣಿದು ಬೆಳೆದದ್ದು. ನಮ್ಮ ಓಣಿಯ ಮಗ್ಗಗಳ ಖಟಪಟ ಅದಕ್ಕೆ ಮೆರವಣಿಗೆಯ ಹಲಗೆ ಬಾರಿಸಿದ ಸದ್ದು! ಕರೆಂಟು ಹೋದರೆ ರವಾಲ, ಬಂದರೆ ಕುಣಿತ.

"ಕಾಕಾ, ವರ ಯಾರ್ರೀ?" ಎಂದು ಎದುರು ಮನೆಯವನು ನಕ್ಕರೆ, "ನಾನ ಲೇ! ಅಕ್ಕಿಕಾಳು ಒಗಿ!" ಎನ್ನುತ್ತಿದ್ದ.

ಮೊನ್ನೆ ಚಿಮ್ಮಡದಿಂದ ಫೋನು ಬಂತು. ಅಕ್ಕ ಅನ್ನ ಬಿಟ್ಟಿದ್ದಳು. ಕಾಕುವನ್ನು ಕುದುರೆಯ ಮೇಲೆ ಕೂರಿಸಿ, ಲಗಾಮು ಹಿಡಿದು ಕಾಕಾ ನಡೆದೇ ಹೊರಟ. ಮುಂದೆ ಇಡೀ ಓಣಿ ಖಟಪಟ ಎನ್ನುತ್ತಿತ್ತು. ಕುದುರೆ ಕಿವಿ ನಿಮಿರಿಸಿತು. ಕಾಕಾ ಲಗಾಮು ಬಿಗಿ ಹಿಡಿದ.

ಮಗ್ಗದ ಮೊದಲ ಸ್ವಿಚ್ ಆರಿಸಿದವನು ನಾನೇ ಎಂದು ಬರೆಯುವ ಆಸೆ. ಆದರೆ ಖರೆ ಹೇಳಬೇಕೆಂದರೆ ಆರಿಸಿದವನು ಆ ಎದುರು ಮನೆಯವನೇ. ಅವನ ಮಗ್ಗ ನಿಂತಿತು, ಆಮೇಲೆ ನಮ್ಮದು, ಪಕ್ಕದವರದು, ಕೊನೆಗೆ ಇಡೀ ಓಣಿಯದು. ಎಲ್ಲರೂ ಬಾಗಿಲಿಗೆ ಬಂದು ನಿಂತರು, ಯಾರೂ ನಗಲಿಲ್ಲ. ಕುದುರೆಯ ಗೊರಸಿನ ಸದ್ದೊಂದೇ ಕೇಳುತ್ತಿತ್ತು.

ಓಣಿಯ ತುದಿಯವರೆಗೆ ನಾನೂ ಹಿಂದೆ ಹೋದೆ. ಓಣಿ ದಾಟಿದ ಮೇಲೆ ಕಾಕಾ ತಿರುಗಿ ಕೇಳಿದ, "ನೋಯಾಕತ್ತೈತೇನ?"

"ಇಲ್ಲರಿ," ಎಂದಳು ಕಾಕು.

ತಳಿಯ ಬಗ್ಗೆ ದಿನವಿಡೀ ಮಾತಾಡುವ ಕಾಕಾ ಅಂದು ಕುದುರೆಯ ಕೊರಳಿಗೆ ಹಣೆ ಹಚ್ಚಿದ. ಅವರು ಚಿಮ್ಮಡದ ರಸ್ತೆಯಲ್ಲಿ ಕಾಣದಾಗುವವರೆಗೂ ಓಣಿಯಲ್ಲಿ ಯಾರೂ ಮಗ್ಗ ಚಾಲೂ ಮಾಡಲಿಲ್ಲ.