ಮೊಣಕೈ ಶಾಸ್ತ್ರ

ವಿಜಯಪುರದಲ್ಲಿ ಚರ್ಮದ ಡಾಕ್ಟರೊಬ್ಬರ ಬಳಿ ನಾನು ಕಂಪೌಂಡರ್. ಒಂದು ಕಡೆ ಕೂತು ಗೊತ್ತಿಲ್ಲದ ಜೀವ. ಬಾಗಿಲು ಸಪ್ಪಳವಾದರೆ ಸಾಕು, ಇವತ್ತು ಯಾರು ಏನು ಹಚ್ಚಿಕೊಂಡು ಬಂದರೋ ಎಂದು ಎದೆ ಹೊಡೆದುಕೊಳ್ಳುತ್ತದೆ. ಹಚ್ಚಿಕೊಳ್ಳುವವರಿಗೆ ಬಿಡುವಿಲ್ಲ, ನನಗೆ ನೆಮ್ಮದಿಯಿಲ್ಲ.

ಕೊಂಬಿನ ಬಣ್ಣ

ಕಾರಹುಣ್ಣಿಮೆಯ ಮರುದಿನ ಘೋಣಸಗಿಯ ರೈತನೊಬ್ಬ ಬಂದ. ಎತ್ತಿನ ಕೊಂಬಿಗೆ ಎಣ್ಣೆಬಣ್ಣ ಬಳಿದು, ಕೈಗೆ ಹತ್ತಿದ್ದನ್ನು ಪೆಟ್ರೋಲಿನಿಂದ ತಿಕ್ಕಿದ್ದನಂತೆ. ಎರಡೂ ಕೈ ಕೆಂಪಗೆ ಉರಿಯುತ್ತಿದ್ದವು. "ಅಡಿಗಿ ಎಣ್ಣಿ ಹಚ್ಚಿ, ಸಾಬಾಣ ಹಾಕಿ ತೊಳದಿದ್ರ ಹೋಗ್ತಿತ್ತಲ್ಲೋ ಯಪ್ಪಾ!" ಎಂದು ನೀರು ತರಲು ಹೋದೆ. ಬರುವಷ್ಟರಲ್ಲಿ ಪೆಟ್ರೋಲ್ ನಾರುವ ಅಂಗಿಯಲ್ಲೇ ಬೀಡಿ ಬಾಯಿಗಿಟ್ಟಿದ್ದ. ಕಸಿದುಕೊಂಡು, "ಎತ್ತಿನ ಮೈಗೆ ಬಣ್ಣ ಹತ್ತಿದ್ರೂ ಪೆಟ್ರೋಲ್ ಹಾಕ್ತಿಯೇನು?" ಎಂದು ರೇಗಿದೆ.

"ಛೇ ಛೇ! ಅದರ ಚರ್ಮ ಭಾಳ ನಾಜೂಕ ಇರ್ತೈತ್ರಿ."

ಹಿಮ್ಮಡಿ

ತಿಕೋಟಾದ ದ್ರಾಕ್ಷಿ ವ್ಯಾಪಾರಿಯೊಬ್ಬರು ಒಡೆದ ಹಿಮ್ಮಡಿಗೆ ಪ್ಲಾಸ್ಟಿಕ್ ಅಂಟಿಸುವ ಗೋಂದು ತುಂಬಿದ್ದರು. ಒಣಗುವಷ್ಟು ತಾಳ್ಮೆಯಿಲ್ಲದೆ ಚಪ್ಪಲಿ ಮೆಟ್ಟಿದ್ದರು.

"ಚಪ್ಪಲ್ ಹೊರಗ ಕಳದ ಬರ್ರಿ" ಎಂದೆ.

"ಅದನ್ನ ಕಳ್ಯಾಕಂತನ ಬಂದೇನ್ರಿ!"

ಜಗ್ಗಿದರೆ ತೊಗಲೇ ಬರುತ್ತದೆ. ಬೆಚ್ಚಗಿನ ಸಾಬೂನು ನೀರಿನಲ್ಲಿ ಕಾಲಿಡಿಸಿ ಅರ್ಧ ತಾಸು ಕೂರಿಸಿದೆ. ಕೊನೆಗೂ ಬಿಟ್ಟಿತು. ಅವರು ಹಿಮ್ಮಡಿ ನೋಡಿಕೊಳ್ಳಲಿಲ್ಲ, ಚಪ್ಪಲಿ ತಿರುಗಿಸಿ ನೋಡಿದರು. "ಹೊಸಾದ್ರಿ. ಇದಕ್ಕೇನೂ ಆಗಿಲ್ಲಲ?"

ನಮ್ಮ ಮನೆಯದು

ಎಲ್ಲರಿಗೂ ನನ್ನದು ಒಂದೇ ಮಾತು. ಮನೆಮದ್ದು ಏನೇ ಇರಲಿ, ಮೊದಲು ಮೊಣಕೈ ಒಳಬದಿಗೆ ಒಂದು ಬೊಟ್ಟು ಹಚ್ಚಿ ಒಂದು ದಿನ ಕಾಯಿರಿ, ಉರಿಯದಿದ್ದರೆ ಮಾತ್ರ ಮುಂದೆ. ಊರಿಗೆಲ್ಲ ಹೇಳಿದೆ, ಮನೆಯಲ್ಲಿ ಹೇಳಲಿಲ್ಲ.

ಬಬಲೇಶ್ವರದಿಂದ ಗಂಡಿನವರು ಮಗಳನ್ನು ನೋಡಲು ಬರುವ ದಿನ. ಅವಳು ಫೋಟೋ ನೋಡಿ ಮೆಚ್ಚಿದ ಸಂಬಂಧ ಅದೊಂದೇ. ಅವತ್ತೇ ಬೆಳ್ಳಗಾಗಲೆಂದು ಮುಖಕ್ಕೆ ನಿಂಬೆರಸ, ಅಡಿಗೆ ಸೋಡಾ ಹಚ್ಚಿಕೊಂಡು ಕೆಂಡದಂತೆ ಕೆಂಪಾಗಿ ಕೂತಿದ್ದಳು. ಸಂಬಂಧವೂ ಹೋಯಿತು, ನನ್ನ ಮರ್ಯಾದೆಯೂ ಹೋಯಿತು ಎಂದು ಪಡಸಾಲೆಯಲ್ಲಿ ಶತಪಥ ಹಾಕಿದೆ.

ಅವರು ಬಂದರು. ಹುಡುಗ ತಲೆಯನ್ನೇ ಎತ್ತಲೊಲ್ಲ. ಕೊನೆಗೆ ಎತ್ತಿದ, ಮುಖ ಇವಳದಕ್ಕಿಂತ ಕೆಂಪು! ಸಂಬಳ ಕೇಳಿರೆಂದು ಹೆಂಡತಿ ಕಣ್ಸನ್ನೆ ಮಾಡುತ್ತಿದ್ದಳು. ನನ್ನ ಬಾಯಿಂದ ಬಂದದ್ದು, "ಏನ ಹಚ್ಚೀರಿ?"

"ನಿಂಬಿಹಣ್ಣು, ಸೋಡಾ... ಮೊಬೈಲಿನ್ಯಾಗ ನೋಡಿದ್ನಿರಿ."

ಒಳಗಿನಿಂದ ಮಗಳ ದನಿ ಬಂತು: "ಎಷ್ಟೊತ್ತು ಇಟ್ಟಿದ್ರಿ?"

ಮದುವೆ ಗೊತ್ತಾಯಿತು. ಆದರೂ ನನ್ನ ಜೀವ ತಡೆಯಲಿಲ್ಲ. ಅರಿಷಿಣ ಹಚ್ಚುವ ಹಿಂದಿನ ದಿನ ಬಬಲೇಶ್ವರಕ್ಕೆ ಓಡಿ, ಅಳಿಯನ ಮೊಣಕೈಗೆ ಒಂದು ಬೊಟ್ಟು ಅರಿಷಿಣ ಹಚ್ಚಿ ಬಂದೆ. ಹಿರಿಯರು ಇದೇನೆಂದಾಗ, "ನಮ್ಮ ಮನಿ ಪದ್ಧತಿರಿ" ಎಂದು ತೇಲಿಸಿದೆ.

ಮೊನ್ನೆ ಬೀಗರ ಓಣಿಯಲ್ಲೇ ಇನ್ನೊಂದು ಮದುವೆ. ಅರಿಷಿಣದ ಹಿಂದಿನ ದಿನ ಐವರು ಮುತ್ತೈದೆಯರು ಹಾಡುತ್ತ ಮದುಮಗನ ಮೊಣಕೈಗೆ ಬೊಟ್ಟು ಇಡುತ್ತಿದ್ದರು. ಪಕ್ಕದ ಅಜ್ಜಿಯನ್ನು ಕೇಳಿದೆ, "ಏನ ಬೇ ಯವ್ವಾ ಇದು?"

"ಮೊಣಕೈ ಶಾಸ್ತ್ರಪಾ. ನಮ್ಮ ಮುತ್ಯಾನ ಕಾಲದಿಂದ ನಡಕೋತ ಬಂದೈತಿ. ಪ್ಯಾಟಿ ಮಂದಿ ನಿಮಗೇನ ಗೊತ್ತು!"